‘ಹುಡುಗ ಹೇಗೆ?’ ಎಂದು ಕೇಳಿದವರಿಗೆ ನಾನು ಹೇಳಿದ್ದು

ಮಾನ್ಯ ಮಹಾನಿರ್ದೇಶಕರೇ,

ಹನ್ನೊಂದು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಭದ್ರಾವತಿಯ ನ್ಯೂಟೌನಿನ ಬಾಡಿಗೆ ಮನೆಯಲ್ಲಿ, ಸ್ವಸ್ಥ ಚಿತ್ತದಿಂದಲೂ ಯಾರ ಒತ್ತಾಯವೂ ಇಲ್ಲದೆಯೂ, ತಮ್ಮ ಗುಪ್ತಚರ ಸಂಸ್ಥೆಯ ನೌಕರರೊಬ್ಬರಿಗೆ ನಾನು ಉಪ್ಪಿಟ್ಟನ್ನೂ ಸುಳ್ಳನ್ನೂ ಒಟ್ಟಿಗೇ ಬಡಿಸಿದ್ದೇನೆಂದು ಪತ್ರಿಕೆಯಲ್ಲಿ ಅಚ್ಚಾಗುವ ಈ ಬಹಿರಂಗ ಪತ್ರದ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ. ಉಪ್ಪಿಟ್ಟು ನನ್ನ ಪತ್ನಿ ಸೀತಾಲಕ್ಷ್ಮಿ ಮಾಡಿದ್ದು. ಸುಳ್ಳು ನನ್ನ ಸ್ವಂತ ತಯಾರಿಕೆ. ಉಪ್ಪಿಟ್ಟು ಆ ಮಧ್ಯಾಹ್ನವೇ ಜೀರ್ಣವಾಯಿತು. ಸುಳ್ಳನ್ನು ನಿಮ್ಮ ಸಂಸ್ಥೆ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಈಗ ಕಕ್ಕುತ್ತಿದೆ. ಅದನ್ನು ಒರೆಸಲು ನೀವು ಆರಿಸಿಕೊಂಡಿರುವ ಬಟ್ಟೆಯ ಹೆಸರು ವಸಂತ್. ನನ್ನ ತಕರಾರು ಅಷ್ಟೇ.

ಪತ್ರದ ಮೇಲ್ಗಡೆ ‘ಉಭಯ ಕುಶಲೋಪರಿ’ ಎಂದು ಬರೆಯುವುದು ನಮ್ಮ ಹಿರಿಯರ ಪದ್ಧತಿ. ಈ ಪ್ರಕರಣದಲ್ಲಿ ಉಭಯ ಕಡೆಯೂ ಕುಶಲವಾಗಿದ್ದವನು ಒಬ್ಬನೇ ಆದ್ದರಿಂದ ಅದನ್ನು ಬಿಟ್ಟಿದ್ದೇನೆ. ಅವನೇ ಜ್ಞಾನೇಶ್, ನಮ್ಮ ಪಕ್ಕದ ಮನೆಯ ಹುಡುಗ, ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿ. ನಿಮ್ಮಲ್ಲಿ ಅಧಿಕಾರಿಯಾಗಿದ್ದುಕೊಂಡೇ ಗಡಿಯಾಚೆಯವರಿಗೂ ದುಡಿದ. ಅಲ್ಲಿ ನಮ್ಮ ಪರವಾಗಿ ಗುಟ್ಟಿನಲ್ಲಿ ಕೆಲಸ ಮಾಡುತ್ತಿದ್ದವರ ಹೆಸರುಗಳನ್ನು ಅವರ ಕೈಗಿಟ್ಟ. ಆ ಪೈಕಿ ಮೂವರು ಮನೆಗೆ ಮರಳಲಿಲ್ಲ. ಕಳೆದ ವರ್ಷ ಟಿ.ವಿ.ಯಲ್ಲಿ ಅವನ ಮುಖಕ್ಕೆ ಕಪ್ಪು ಬಟ್ಟೆ ಮುಚ್ಚಿ ತೋರಿಸಿದರು. ಮುಖ ಮುಚ್ಚಿದರೇನು, ನಡಿಗೆ ನಮ್ಮ ಬೀದಿಯದೇ.

ಅವನನ್ನು ಆರಿಸಿದವರು, ಪಳಗಿಸಿದವರು, ಎರಡೆರಡು ಸಲ ಬಡ್ತಿ ಕೊಟ್ಟು ಬೆನ್ನು ತಟ್ಟಿದವರು ನಿಮ್ಮ ಕಟ್ಟಡದಲ್ಲೇ ಇದ್ದಾರೆ. ಅವರಾರಿಗೂ ನೋಟಿಸಿಲ್ಲ. ನೇಮಕಕ್ಕೆ ಮೊದಲು ನೆರೆಹೊರೆಯಲ್ಲಿ ಅವನ ನಡತೆ ವಿಚಾರಿಸಿ ವರದಿ ಕೊಟ್ಟ ಕೆಳಹಂತದ ನೌಕರ ವಸಂತ್ ಮಾತ್ರ ಅಮಾನತಿನಲ್ಲಿದ್ದಾರೆ. ‘ಅಮಾನತು’ ಎಂಬ ಪದದ ಹೊಟ್ಟೆಯಲ್ಲಿ ಒಂದು ‘ಮಾನ’ ಇದೆ. ಆ ಮನುಷ್ಯನಿಗೆ ಈಗ ಉಳಿದಿರುವುದು ಅಷ್ಟೇ. ಅವರು ಭದ್ರಾವತಿಗೆ ಹೋಗಲೇ ಇಲ್ಲವಂತೆ, ಕಚೇರಿಯಲ್ಲಿ ಕೂತು ವರದಿ ಹೆಣೆದರಂತೆ. ಹಾಗೆಂದು ಆರೋಪ. ಸಾಬೀತಾದರೆ ಕೆಲಸ ಹೋಗುತ್ತದೆ.

ಹೋಗಿದ್ದರು ಸ್ವಾಮಿ. ನನ್ನ ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು.

ಅದಕ್ಕೆ ನಾಲ್ಕು ದಿನ ಮುಂಚೆ ಜ್ಞಾನೇಶನ ತಾಯಿ ಬಸವರಾಜೇಶ್ವರಿಯವರು ಕಾಂಪೌಂಡಿನ ಆಚೆಯಿಂದ ಹೇಳಿದ್ದರು: “ಮೇಷ್ಟ್ರೇ, ಹುಡುಗನಿಗೆ ಹೆಣ್ಣು ನೋಡ್ತಿದೀವಿ. ಯಾರಾದ್ರೂ ವಿಚಾರಿಸ್ಕೊಂಡು ಬಂದ್ರೆ ಒಂದು ಒಳ್ಳೇ ಮಾತು ಹಾಕಿ.” ಭಾನುವಾರ ಇಸ್ತ್ರಿ ಅಂಗಿಯ ಈ ಗೃಹಸ್ಥರು ಬಂದು, “ಹುಡುಗನ ವಿಷಯ ಸ್ವಲ್ಪ ಕೇಳೋಣ ಅಂತ ಬಂದೆ ಸಾರ್” ಎಂದರು. ಎಲ್ಲಿಂದ ಬಂದೆ ಎಂದು ಅವರು ಹೇಳಲಿಲ್ಲ. ಹೇಳದಿರುವುದು ಅವರ ಕರ್ತವ್ಯ. ನಾನು ಕೇಳಲಿಲ್ಲ, ಹೆಣ್ಣಿನ ಕಡೆಯವರನ್ನು ಹಾಗೆಲ್ಲ ಕೇಳದಿರುವುದು ನಮ್ಮ ಮರ್ಯಾದೆ.

“ಕುಡಿಯೋದು, ಸೇದೋದು ಏನಾದ್ರೂ?”

“ಛೆ ಛೆ, ಕಾಫಿನೂ ಬಿಟ್ಟಿದಾನೆ.”

“ಹೊರದೇಶದಲ್ಲಿ ನೆಂಟರು?”

“ಸದ್ಯಕ್ಕಿಲ್ಲ. ಆದ್ರೆ ಹುಡುಗ ಚುರುಕು. ಮುಂದೆ ಹೊರದೇಶದೋರು ಅವನನ್ನ ಸುಮ್ನೆ ಬಿಡ್ತಾರಾ ಹೇಳಿ?”

ಅವರ ಚಮಚ ಅರ್ಧದಲ್ಲೇ ನಿಂತಿತು. ಪರಿಸ್ಥಿತಿ ಕೆಡುತ್ತಿದೆ ಎಂದು ಸೀತಾಲಕ್ಷ್ಮಿ ಅಡುಗೆಮನೆಯಿಂದಲೇ ನೆರವಿಗೆ ಬಂದಳು: “ಒಬ್ನೇ ಮಗ ಕಣ್ರೀ, ನಾದಿನಿಯರ ಕಾಟ ಇಲ್ಲ!” ಅದನ್ನೂ ಅವರು ಬರೆದುಕೊಂಡರು. ಕಡತ ತೆಗೆದು ನೋಡಿ, ಇದ್ದೀತು. ಕಚೇರಿಯಲ್ಲಿ ಕೂತವನಿಗೆ ಇಂಥದ್ದು ಹೊಳೆಯುತ್ತದೆಯೇ?

“ಸ್ವಭಾವ ಹೇಗೆ ಸಾರ್?” ಇದು ಕೊನೆಯ ಪ್ರಶ್ನೆ.

“ಎಲ್ಲಾ ಕಡೆಯವ್ರ ಜೊತೆನೂ ಹೊಂದ್ಕೊಂಡು ಹೋಗ್ತಾನೆ” ಎಂದೆ.

ಮೂರು ತಿಂಗಳ ಮೇಲೆ ಬಸವರಾಜೇಶ್ವರಿಯವರು ಪೇಡ ತಂದರು. “ಹೆಣ್ಣು ಯಾವೂರಮ್ಮ?” ಎಂದೆ. “ಹೆಣ್ಣೆಲ್ಲಿ ಮೇಷ್ಟ್ರೇ, ಕೆಲಸ! ಡೆಲ್ಲೀಲಿ. ಯಾವ ಇಲಾಖೆ ಅಂತ ನನಗೂ ಹೇಳಲ್ಲ ನೋಡಿ.” ಪೇಡ ಬಾಯಲ್ಲಿತ್ತು. ನುಂಗಿದೆ.

ಇಲ್ಲಿಯವರೆಗಿನದಕ್ಕೆ ಓದುಗರು ನಗಬಹುದು. ಮುಂದಿನದಕ್ಕೆ ನನಗೇ ನಗು ಬರುವುದಿಲ್ಲ. ‘ಎಲ್ಲಾ ಕಡೆಯವರ ಜೊತೆ’ ಎಂದೆನಲ್ಲ, ಅದು ಗೊತ್ತಿದ್ದೇ ಹೇಳಿದ್ದು. ಕಾಲೇಜಿನ ಸಂಘದ ಚುನಾವಣೆಯಲ್ಲಿ ಎರಡು ಬಣಗಳಿದ್ದವು. ಜ್ಞಾನೇಶ ಎರಡರ ಗುಟ್ಟನ್ನೂ ಎರಡಕ್ಕೂ ಮುಟ್ಟಿಸಿದ. ಒಂದು ಬಣದ ಮೂರ್ತಪ್ಪ ಎಂಬ ಹುಡುಗ ಎಲ್ಲಿ ಅಡಗಿದ್ದಾನೆಂದು ಎದುರು ಬಣದವರಿಗೆ ಹೇಳಿಕೊಟ್ಟವನೂ ಅವನೇ. ಮೂರ್ತಪ್ಪನ ಬಲಗೈ ಮುರಿಯಿತು. ಆ ವರ್ಷ ಪರೀಕ್ಷೆ ಬರೆಯಲಾಗಲಿಲ್ಲ. ಚುನಾವಣೆಯ ಉಸ್ತುವಾರಿ ನನ್ನದಾಗಿತ್ತು. ಕರೆಸಿ ಕೇಳಿದೆ. “ಇಬ್ರೂ ನನ್ನನ್ನ ನಂಬಿದ್ರು ಸಾರ್. ಯಾರಿಗೆ ಇಲ್ಲ ಅನ್ನೋದು?” ಎಂದು ಕಣ್ಣೊರೆಸಿಕೊಂಡ. ಪಕ್ಕದ ಮನೆ ಹುಡುಗ, ತಾಯಿ ಒಬ್ಬಂಟಿ. ನಡತೆ ಪತ್ರದಲ್ಲಿ ‘ಉತ್ತಮ’ ಎಂದು ಬರೆದೆ.

ನಮ್ಮಲ್ಲಿ ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎನ್ನುತ್ತಾರೆ. ನಿಮ್ಮ ಸಂಸ್ಥೆಗೆ ಈ ಗಾದೆ ಗೊತ್ತಿಲ್ಲವೇ? ನೆರೆಮನೆಯವನು ಹುಡುಗನ ಬಗ್ಗೆ ಹೇಳುವ ಮಾತನ್ನು ಈ ಸೀಮೆಯಲ್ಲಿ ಹೆಣ್ಣು ಹೆತ್ತವರೂ ಅರ್ಧ ಕಳೆದೇ ಕೇಳಿಸಿಕೊಳ್ಳುತ್ತಾರೆ. ಅಂಥ ಮಾತನ್ನು ರಾಷ್ಟ್ರರಕ್ಷಣೆಯ ಅಡಿಪಾಯಕ್ಕೆ ಹಾಕಿದವರು ಯಾರು? ಆಮೇಲಿನ ಹತ್ತು ವರ್ಷ ಅವನು ನಿಮ್ಮ ಕಣ್ಣೆದುರಿಗೇ ಇದ್ದನಲ್ಲ, ಆಗ ನೀವು ಯಾರನ್ನು ವಿಚಾರಿಸುತ್ತಿದ್ದಿರಿ? ಬೇಹುಗಾರರನ್ನು ಸಾಕುವವರಿಗೆ ಮನೆಯೊಳಗಿನ ಬೇಹು ಕಾಣದಿದ್ದರೆ, ಉಪ್ಪಿಟ್ಟು ತಿಂದು ಹೋದವನ ಕೊರಳಿಗೇ ಹಗ್ಗ ಹಾಕಬೇಕೇ?

ಕಳೆದ ತಿಂಗಳು ವಸಂತ್ ನನ್ನನ್ನು ಹುಡುಕಿಕೊಂಡು ಶಿವಮೊಗ್ಗಕ್ಕೆ ಬಂದರು. ನಿವೃತ್ತಿಯ ನಂತರ ನಾವು ಕೋಟೆ ಬೀದಿಯಲ್ಲಿದ್ದೇವೆ. ಕೂದಲು ನರೆತಿತ್ತು, ಅಂಗಿಗೆ ಇಸ್ತ್ರಿ ಇರಲಿಲ್ಲ. “ಇನ್ನೇನೂ ಬೇಡ ಸಾರ್, ನಾನು ಬಂದಿದ್ದೆ ಅಂತ ಒಂದು ಮಾತು ಹೇಳಿ ಸಾಕು. ಅವತ್ತು ಉಪ್ಪಿಟ್ಟಿಗೆ ಗೋಡಂಬಿ ಹಾಕಿದ್ರಿ, ಅದೂ ನೆನಪಿದೆ.”

“ಗೋಡಂಬಿ ಅಲ್ಲ, ಕಡಲೆಬೀಜ” ಎಂದಳು ಸೀತಾಲಕ್ಷ್ಮಿ. ಆಮೇಲೆ ನನ್ನ ಕಡೆ ತಿರುಗಿ, “ಹೇಳ್ರೀ! ಬಾಯಲ್ಲೇನು ಕಡುಬು ಇಟ್ಕೊಂಡಿದೀರಾ?” ಎಂದಳು.

“ಹೇಳ್ತೀನಿ, ಖಂಡಿತ ಹೇಳ್ತೀನಿ” ಎಂದೆ. ಆತ ನನ್ನ ಕಾಲು ಮುಟ್ಟಲು ಬಗ್ಗಿದರು. ಹಿಂದೆ ಸರಿದೆ.

ಆದ್ದರಿಂದ ನನ್ನ ಬೇಡಿಕೆ ಇದು. ವಸಂತ್ ಅವರ ಅಮಾನತು ಕೂಡಲೇ ರದ್ದಾಗಲಿ. ಅವರು ಬಂದಿದ್ದರು, ಕೇಳಿದ್ದರು, ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದರು ಎಂದು ಕಡತದಲ್ಲಿ ದಾಖಲಾಗಲಿ. ತಪ್ಪಿತಸ್ಥ ಬೇಕೇ ಬೇಕೆಂದಾದರೆ ನನ್ನನ್ನು ಕರೆಸಿ. ಇಡೀ ಬೀದಿ ಬಾಯಿ ಹೊಲಿದುಕೊಂಡಿರುವಾಗ ಸತ್ಯ ಹೇಳಲು ತಾನಾಗಿ ಮುಂದೆ ಬಂದವನು ನಾನೊಬ್ಬನೇ ಎಂದು, ಇಷ್ಟು ನಾಚಿಕೆಯ ನಡುವೆಯೂ, ಎದೆ ಮುಟ್ಟಿ ಹೇಳಬಯಸುತ್ತಿದ್ದೆ.

ಹೇಳುವ ಹಾಗಿಲ್ಲ. ನೀವು ಕಡತ ತೆಗೆದರೆ ಹೇಗೂ ಸಿಕ್ಕಿಬೀಳುತ್ತೇನೆ. ವಸಂತ್ ಬಂದುಹೋದ ಮುಂದಿನ ವಾರ ನಿಮ್ಮ ವಿಚಾರಣಾಧಿಕಾರಿ ಸೋಗಾನೆಯಲ್ಲಿ ವಿಮಾನ ಇಳಿದು, ಶಿವಮೊಗ್ಗದ ಪ್ರವಾಸಿ ಮಂದಿರಕ್ಕೆ ನನ್ನನ್ನು ಕರೆಸಿದ್ದರು. ವಸಂತ್ ಎದುರಿಗೇ ಕೂತಿದ್ದರು. “ಇವರು ನಿಮ್ಮ ಮನೆಗೆ ಬಂದಿದ್ದರೇ?” ಎಂದು ಅಧಿಕಾರಿ ಬಹಳ ಸೌಜನ್ಯದಿಂದಲೇ ಕೇಳಿದರು. ಹೌದೆಂದರೆ ಮುಂದಿನ ಪ್ರಶ್ನೆ ‘ನೀವೇನು ಹೇಳಿದಿರಿ’ ಎಂಬುದು. ‘ಈ ವ್ಯಕ್ತಿಯನ್ನು ನಾನು ಹಿಂದೆಂದೂ ನೋಡಿಲ್ಲ’ ಎಂದು ಸ್ವಹಸ್ತದಿಂದ ಬರೆದು ಸಹಿ ಹಾಕಿದೆ. ಅಕ್ಷರ ದುಂಡಗಿದೆ.

ಮನೆಗೆ ಬಂದಾಗ ಸೀತಾಲಕ್ಷ್ಮಿ, “ಹೇಳಿ ಬಂದ್ರಾ?” ಎಂದಳು. “ಹೇಳಿ ಬಂದೆ” ಎಂದೆ. ಅವತ್ತು ಊಟಕ್ಕೆ ಪಾಯಸ ಮಾಡಿದ್ದಳು. ನಾನು ಏನು ಹೇಳಿ ಬಂದೆನೆಂದು ಅವಳಿಗೆ ತಿಳಿಯುವುದು, ನಿಮಗೆ ತಿಳಿದ ದಿನವೇ, ಈ ಪತ್ರಿಕೆಯಲ್ಲಿ.

ಇಂತಿ,
ಹೆಸರಿಗೆ ವಾದಿ, ಈ ಪ್ರಕರಣದಲ್ಲಿ ಪ್ರತಿವಾದಿ,
ವಾದಿರಾಜ
ನಿವೃತ್ತ ಉಪನ್ಯಾಸಕ, ಕೋಟೆ ಬೀದಿ, ಶಿವಮೊಗ್ಗ