ಗುಡ್ಡ ಹತ್ತಿದ ದೊಡ್ಡ ಮರಿ

ಲಕ್ಷ್ಮೇಶ್ವರ
೯-೮-೧೯೮೪

ನನ್ನ ಮಗಳು ಸಿದ್ದಲಿಂಗವ್ವನಿಗೆ ಅವ್ವನ ತುಂಬು ಹರಕೆಗಳು.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಬೆಟಗೇರಿಯಲ್ಲಿ ನೀನು, ಅಳಿಯಂದಿರು, ಮೊಮ್ಮಗಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಕಣ್ಣು ಮಂಜು ಎಂದು ನೆಪ ಹೇಳಬಹುದಿತ್ತು. ಖರೆ ಹೇಳಬೇಕೆಂದರೆ, ಮೂರು ಸಲ ಬರೆದು ಮೂರೂ ಸಲ ಒಲೆಗೆ ಹಾಕಿದೆ.

ಮಕ್ಕಳಿಗಾಗಿ ನೀನು ಬಿಡಿಸಿದ ಆಡಿನ ಮರಿಗಳ ಚಿತ್ರದ ಪುಸ್ತಕ ಮುಟ್ಟಿತು. ಅಚ್ಚಿಗೆ ಕೊಡುವ ಮೊದಲು ನನಗೆ ಕಳಿಸಿದೆಯಲ್ಲ, ನಾಲ್ಕನೇ ಇಯತ್ತೆ ಕಲಿತವಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ನಿನ್ನ ತಮ್ಮ ಉಳವಪ್ಪ ಅಂಗಡಿಯಿಂದ ಬಂದವನೇ ಕಸಿದುಕೊಂಡ. "ಯವ್ವಾ, ಈ ಸಣ್ಣ ಮರಿ ನಾನ ಅಲ್ಲೇನು? ಅಕ್ಕ ನನ್ನ ಹೊಟ್ಟಿ ಸೈತ ಬಿಟ್ಟಿಲ್ಲ ನೋಡು" ಎಂದು ನಕ್ಕ. ತಾಯಿ ಆಡಿಗೆ ನನ್ನ ಮೂಗೇ ಇಟ್ಟಿದ್ದೀಯಂತೆ. ಸೊಸೆ ನಗು ತಡೆಯಲಾರದೆ ಒಳಗೆ ಹೋದಳು. ನಗಲಿ ಬಿಡು, ನನ್ನ ಮೂಗಿಗೇನು ಕಡಿಮೆಯಾಗಿದೆ?

ಕಥೆಯೂ ಚೆಂದ ಇದೆ. ಹೊಸ ಮರಿ ಹುಟ್ಟಿದ ಮೇಲೆ ದೊಡ್ಡ ಮರಿಗೆ ಹೊಟ್ಟೆಕಿಚ್ಚು. ಸಣ್ಣದನ್ನು ಹಾಯುತ್ತದೆ, ಸಿಟ್ಟು ಮಾಡಿಕೊಂಡು ಗುಡ್ಡ ಹತ್ತುತ್ತದೆ. ಒಂಬತ್ತನೇ ಚಿತ್ರದಲ್ಲಿ ತಾಯಿ ಬಂದು ಕರೆದರೆ "ನಾ ಬರಂಗಿಲ್ಲ" ಅನ್ನುತ್ತದೆ. ಕೊನೆಗೆ ತಾನೇ ಇಳಿದು ಬಂದು ತಪ್ಪಾಯಿತು ಅನ್ನುತ್ತದೆ, ತಾಯಿ ಎರಡನ್ನೂ ನೆಕ್ಕುತ್ತದೆ. ಜೊತೆಗಿಟ್ಟ ಚೀಟಿಯಲ್ಲಿ ನೀನು ಬರೆದಿದ್ದೆ: "ಅವ್ವಾ, ಉಳವಪ್ಪ ಹುಟ್ಟಿದಾಗ ನೀ ಕರೆಯಾಕ ಬಂದರೂ ಬೆಳ್ಳಟ್ಟಿಯ ದೊಡ್ಡವ್ವನ ಮನಿ ಬಿಟ್ಟು ಬರಂಗಿಲ್ಲ ಅಂತ ಹಟ ಹಿಡಿದೆನಲ್ಲ, ಅದಕ್ಕ ಇದು ನನ್ನ ತಪ್ಪೊಪ್ಪಿಗೆ." ಅದನ್ನು ಓದಿದ ದಿನವೇ ಮೊದಲ ಕಾಗದ ಬರೆದು ಒಲೆಗೆ ಹಾಕಿದೆ.

ನಾಲ್ಕು ವರ್ಷದವಳು ಒಂದು ತಿಂಗಳ ಮಟ್ಟಿಗೆಂದು ಹೋಗಿ, ಮದುವೆಯಾಗುವವರೆಗೂ ಅಲ್ಲೇ ಬೆಳೆದೆ. ಮಕ್ಕಳಿಲ್ಲದ ನನ್ನ ಅಕ್ಕ ಉಡಚವ್ವ ನಿನ್ನನ್ನು ಅಂಗೈಯಲ್ಲಿಟ್ಟು ಸಾಕಿದಳು, ಅದು ಸುಳ್ಳಲ್ಲ. ಆದರೆ ರಜೆಗೆ ಇಲ್ಲಿಗೆ ಬಂದರೆ ಕುಡಿಯುವ ನೀರಿಗೂ "ತಗೊಳ್ಳಲೇನಬೇ?" ಎಂದು ಕೇಳುತ್ತಿದ್ದೆ. ಹೆತ್ತ ಮನೆಯಲ್ಲಿ ನೀನು ಬೀಗರಂತೆ ಕೂತಿರುತ್ತಿದ್ದೆ, ನಾನು ನೋಡುತ್ತಿದ್ದೆ. ಆದರೂ ಯಾರೇ ಕೇಳಲಿ, ನಿಮ್ಮಪ್ಪನೇ ಕೇಳಲಿ, "ಅಕಿನ ಬರಾಕ ಒಲ್ಲೆ ಅಂದ್ಳು" ಎಂದೇ ಹೇಳಿದೆ. ಹೇಳಿ ಹೇಳಿ ನಿನಗೂ ಅದೇ ನೆನಪಾಗಿ ಕೂತಿತು.

ಆ ಒಂಬತ್ತನೇ ಚಿತ್ರ ತೆಗೆದುಬಿಡು, ಮಗಳೇ. ಅಚ್ಚಿನವರು ಅವಸರ ಮಾಡಿದರೆ ಮಾಡಲಿ. ಆ ಮರಿಯ ಬಾಯಿಂದ ತಪ್ಪು ಒಪ್ಪಿಸಬೇಡ. ಉಳಿದದ್ದೆಲ್ಲ ಹಾಗೇ ಇರಲಿ.

ನಿನ್ನ ಕೈ ಹೀಗೇ ಓಡಲಿ, ಮನೆ ತುಂಬಿರಲಿ. ನಿನ್ನ ಮಗಳು ನಿನ್ನ ಸೆರಗು ಹಿಡಿದೇ ಬೆಳೆಯಲಿ.

ನಿನ್ನ ಅವ್ವ,
ನೀಲಗಂಗವ್ವ

ತಾ.ಕ.: ಕಾರಣ ಹೇಳದೆ ಮುಚ್ಚಿದರೆ ಈ ಕಾಗದವೂ ಒಲೆ ಸೇರುತ್ತದೆ. ಹೋದ ವರ್ಷ ಅಕ್ಕ ತೀರಿಕೊಂಡ ಮೇಲೆ ಇದು ನನ್ನೊಬ್ಬಳಿಗೇ ಗೊತ್ತು. ನಾನು ಕರೆಯಲು ಬಂದ ದಿನ ನೀನು ಒಲ್ಲೆ ಅನ್ನಲಿಲ್ಲ. ನನಗಿಂತ ಮೊದಲೇ ಬಟ್ಟೆಯ ಗಂಟು ಹಿಡಿದುಕೊಂಡು ಚಕ್ಕಡಿ ಹತ್ತಿ ಕೂತಿದ್ದೆ. ಅಕ್ಕ ನನ್ನ ಕಾಲು ಹಿಡಿದು, "ಇದೊಂದು ಕೂಸು ನನಗ ಬಿಟ್ಟು ಹೋಗ, ನೀಲಾ. ನಿನಗ ಗಂಡು ಐತಿ" ಎಂದು ಅತ್ತಳು. ಅವಳ ದುಃಖಕ್ಕೆ ಕರಗಿದೆ ಎಂದರೆ ಅರ್ಧ ಖರೆ. ಒಂದೇ ಕೂಸು ನೋಡಿಕೊಂಡಿದ್ದ ಆ ತಿಂಗಳು ಮೈ ಹಗುರವಾಗಿತ್ತು, ಅದೂ ಖರೆ. ನಿನ್ನನ್ನು ನಾನೇ ಎತ್ತಿ ಕೆಳಗಿಳಿಸಿದೆ. ನೀನು ಅಳಲಿಲ್ಲ. ಚಕ್ಕಡಿಯ ಗಾಲಿ ಹಿಡಿದು ನಿಂತು, "ಇನ್ನ ತಮ್ಮಗ ಚಿವುಟಂಗಿಲ್ಲಬೇ, ನನ್ನೂ ಕರಕೊಂಡು ಹೋಗು" ಅಂದೆ.