ಸಿಲಿಂಡರ್ ಇಳಿಸಿದ ತಪ್ಪಿಗೆ ಮಹಬೂಬನಿಗೆ ಬಂದ ನೋಟೀಸು

ಕೊಟ್ಟೂರು, ಮೇ ೧೯೮೬

ಅಡುಗೆ ಅನಿಲ ಸಾಗಿಸುವ ಲಾರಿಗಳ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿಗಳೇ,

ಮಾನ್ಯರೇ, ನಮ್ಮೂರಿನ ಮೆಕ್ಯಾನಿಕ್ ಮಹಬೂಬನಿಗೆ ತಾವು ಕಳಿಸಿದ ನೋಟೀಸು ತಲುಪಿದೆ. ಅವನ ಬಲಗೈ ಬೆರಳುಗಳು ಈಗ ಮಡಚುವುದಿಲ್ಲ. ಹಾಗಾಗಿ ಲಕೋಟೆ ಒಡೆದು ಓದಿ ಹೇಳಿದವನು ನಾನು. 'ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಲಾರಿಯಿಂದ ಸಿಲಿಂಡರ್ ಇಳಿಸಿ ನಿಯಮ ಉಲ್ಲಂಘಿಸಿದ್ದೇಕೆ? ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು' ಎಂದು ಅಪ್ಪಣೆಯಾಗಿದೆ. ಸಮಜಾಯಿಷಿ ಇಲ್ಲಿದೆ. ಪತ್ರಿಕೆಯ ಮೂಲಕ ಕೊಡುತ್ತಿದ್ದೇನೆ, ಏಕೆಂದರೆ ತಮ್ಮ ಕಚೇರಿಗೆ ನೇರವಾಗಿ ಬರೆದ ಮೂರು ಕಾಗದಗಳು ಯಾವ ಕಡತದಲ್ಲಿ ವಿಶ್ರಾಂತಿ ಪಡೆಯುತ್ತಿವೆಯೋ ತಿಳಿಯದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ಫೆಬ್ರವರಿಯ ಒಂದು ಶನಿವಾರ ಕೂಡ್ಲಿಗಿಗೆ ಹೋಗಿದ್ದವನು ಕೊಟ್ಟೂರಿಗೆ ವಾಪಸಾಗಬೇಕಿತ್ತು. ಎರಡು ಗಂಟೆಯ ಬಸ್ಸು ಬರಲಿಲ್ಲ. ಅನಿಲದ ಲಾರಿ ಬಂತು. ಮುಂದಿನ ಗಾಜಿಗೆ ತಮ್ಮ ಕಚೇರಿಯ ತಪಾಸಣಾ ಚೀಟಿ ಅಂಟಿತ್ತು, ಹಿಂದೆ ಇನ್ನೂರಕ್ಕೂ ಹೆಚ್ಚು ತುಂಬಿದ ಸಿಲಿಂಡರುಗಳು ಅಡ್ಡಡ್ಡ ಬಿದ್ದಿದ್ದವು. ಡ್ರೈವರ್ ಉಚ್ಚಂಗೆಪ್ಪ ಕಿಟಕಿಯಿಂದ ತಲೆ ಹೊರಹಾಕಿ, "ಕೊಟ್ಟೂರು ಯಾರ್ರಿ, ಹತ್ರಿ ಹತ್ರಿ" ಎಂದು ಕರೆದ. ಏಳು ಜನ ಹತ್ತಿದೆವು. ಸಿಲಿಂಡರುಗಳ ಮೇಲೆ ಗೋಣಿಚೀಲ ಹಾಸಿಕೊಂಡು ಕೂತೆವು. ಸಂತೆಗೆ ಬಂದಿದ್ದ ಗುಡೇಕೋಟೆಯ ಮಾರೆಮ್ಮ ಎಂಬ ಮುದುಕಿ ಕೊಟ್ಟೂರಿನಲ್ಲಿದ್ದ ಮಗಳ ಬಾಣಂತನಕ್ಕೆಂದು ಒಂದು ಕೋಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹತ್ತಿದಳು. ಅನಿಲದ ಲಾರಿಯಲ್ಲಿ ಮನುಷ್ಯರು ಕೂರಬಾರದೆಂಬ ನಿಯಮವಿದೆಯಂತೆ. ಕೋಳಿಯ ವಿಷಯದಲ್ಲಿ ತಮ್ಮ ನಿಯಮ ಏನೆನ್ನುತ್ತದೆಯೋ ದಯವಿಟ್ಟು ತಿಳಿಸಿ.

ಎಂಟು ಮೈಲಿ ದಾಟುವಷ್ಟರಲ್ಲಿ ಮಾರೆಮ್ಮ ಮೂಗಿಗೆ ಸೆರಗು ಹಿಡಿದಳು. "ಯಪ್ಪಾ ಡ್ರೈವರಾ, ಏನೋ ನಾತ ಬರಾಕತ್ತೈತಿ, ನಿಂದ್ರಸು!" ಪಕ್ಕದಲ್ಲಿ ಕೂತವನೊಬ್ಬ ಬೀಡಿ ಕಚ್ಚಿಕೊಂಡು ಕಡ್ಡಿ ಗೀರಲು ಹೊರಟಿದ್ದ. ಮುದುಕಿ ಅವನ ಕೈಗೆ ಬಾರಿಸಿದ ಹೊಡೆತಕ್ಕೆ ಬೆಂಕಿಪೊಟ್ಟಣ ರಸ್ತೆಗೆ ಹಾರಿತು. ಮಾನ್ಯರೇ, ಆ ಪ್ರಯಾಣದಲ್ಲಿ ಕಟ್ಟುನಿಟ್ಟಾಗಿ ಜಾರಿಯಾದ ಸುರಕ್ಷತಾ ಕ್ರಮ ಅದೊಂದೇ.

ಲಾರಿ ನಿಂತಿತು. "ದಿನಾ ಬರೋ ವಾಸನೇರಿ ಅದು," ಎಂದ ಉಚ್ಚಂಗೆಪ್ಪ. "ಗ್ಯಾಸಿನ ಲಾರ್‍ಯಾಗ ಮಲ್ಲಿಗಿ ವಾಸನಿ ಬರತೈತೇನ್ರಿ?"

ನಮ್ಮ ಜೊತೆ ಹತ್ತಿದ್ದ ಮಹಬೂಬ ನಗಲಿಲ್ಲ. ಸಿಲಿಂಡರುಗಳ ನಡುವೆ ಬಗ್ಗಿ ಕಿವಿಗೊಟ್ಟು ಹುಡುಕಿದ. ಒಂದರ ಬಾಯಿ ಬೆಳ್ಳಗೆ ಹಿಮಗಟ್ಟಿ ಬುಸುಗುಡುತ್ತಿತ್ತು.

"ಇದರ ಬಾಯಿಗೆ ಹಾಕೋ ಟೋಪಿ ಎಲ್ಲೈತಿ?"

"ಅರ್ಧಕ್ಕರ್ಧ ಟೋಪಿ ಇಲ್ರಿ. ಕೇಳಿದ್ರ ಮುಂದಿನ ಲೋಡಿಗೆ ಅಂತಾರ," ಎಂದ ಉಚ್ಚಂಗೆಪ್ಪ. ಈಗ ಅವನ ದನಿಯೂ ಇಳಿದಿತ್ತು. ಕ್ಯಾಬಿನ್ನಿನಿಂದ ಬೆಂಕಿ ಆರಿಸುವ ಕೆಂಪು ಡಬ್ಬಿ ತಂದು ಕುಕ್ಕಿದ, ಗುದ್ದಿದ. ಒಂದು ಚಮಚದಷ್ಟು ಪುಡಿ ಉದುರಿತು. ಡಬ್ಬಿಯ ಕೊರಳಿಗೆ ಕಟ್ಟಿದ್ದ ಚೀಟಿಯ ಮೇಲೆ ಹಿಂದಿನ ತಿಂಗಳ ತಾರೀಖಿನ ಸಹಿ ಮಾತ್ರ ಬಹಳ ಸ್ಪಷ್ಟವಾಗಿತ್ತು. ಅಪಾಯ ಬಂದಾಗ ಏನು ಮಾಡಬೇಕೆಂಬ ಹಾಳೆಯೂ ಇತ್ತು, ಇಂಗ್ಲಿಷಿನಲ್ಲಿ. ಉಚ್ಚಂಗೆಪ್ಪ ಓದಿದ್ದು ಕನ್ನಡದ ಮೂರನೇ ಕ್ಲಾಸು. ಓದಲಾಗದ ಎಚ್ಚರಿಕೆಯಿಂದ ಯಾರಿಗೂ ಗಾಬರಿಯಾಗುವುದಿಲ್ಲವಲ್ಲ, ಅದೇ ಅದರ ಗುಣವಿರಬೇಕು.

ಎಲ್ಲರೂ ಧುಮುಕಿದರು. ಮೊಣಕಾಲು ನೋವಿನ ಮಾರೆಮ್ಮನಿಗೆ ಧುಮುಕಲು ಆಗಲಿಲ್ಲ. "ಅಜ್ಜಿ ಮ್ಯಾಲೇ ಅದಾಳ. ಇದನ್ನ ಇಲ್ಲೇ ಬಿಟ್ರ ಎಲ್ಲಾ ಹೋಗತೈತಿ," ಎಂದ ಮಹಬೂಬ, ಟವೆಲ್ಲನ್ನು ನೀರಲ್ಲಿ ಅದ್ದಿ ಸಿಲಿಂಡರಿನ ಬಾಯಿಗೆ ಸುತ್ತಿ, ಅದನ್ನು ಹೆಗಲಿಗೇರಿಸಿ ಪಕ್ಕದ ಕೊಯ್ದ ಜೋಳದ ಹೊಲಕ್ಕೆ ಇಳಿದ. ನೂರು ಹೆಜ್ಜೆ ಹೋಗಿ ನೆಟ್ಟಗೆ ಇಟ್ಟು ತಿರುಗಿದ. ಅಷ್ಟರಲ್ಲಿ ಉಚ್ಚಂಗೆಪ್ಪ ಮುದುಕಿಯನ್ನು ಬೆನ್ನಮೇಲೆ ಹೊತ್ತು ಇಳಿಸಿದ್ದ. ಹೊಲದ ತಗ್ಗಿನ ಬದುವಿನಲ್ಲಿ ಯಾರೋ ಬೆಳಿಗ್ಗೆ ಕೂಳೆ ಸುಟ್ಟಿದ್ದರು. ಬೂದಿಯ ಕೆಳಗೆ ಕೆಂಡ ಉಳಿದಿತ್ತು. ಅನಿಲ ನೆಲ ಹಿಡಿದು ಹರಿದು ಕೆಂಡ ಮುಟ್ಟಿತು. ಅನಿಲ ಬಂದ ದಾರಿಯಲ್ಲೇ ಬೆಂಕಿ ವಾಪಸು ಓಡಿತು, ಆ ದಾರಿಯಲ್ಲಿ ಮಹಬೂಬನಿದ್ದ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಮುಖ ಉಳಿಯಿತು.

ತಮ್ಮ ವರದಿ ಏನು ಹೇಳುತ್ತದೆ? 'ಲಾರಿಯಲ್ಲಿ ಪ್ರಯಾಣಿಕರಿರಲಿಲ್ಲ. ಉಪಕರಣಗಳು ಸುಸ್ಥಿತಿಯಲ್ಲಿದ್ದವು. ಹೊರಗಿನ ವ್ಯಕ್ತಿಯೊಬ್ಬ ಸಿಲಿಂಡರ್ ಇಳಿಸಿದ್ದೇ ಅವಘಡಕ್ಕೆ ಕಾರಣ.' ಸರಿ. ಹಾಗಾದರೆ ಆ ಹೊರಗಿನ ವ್ಯಕ್ತಿ ಎಲ್ಲಿಂದ ಬಂದ? ಆಕಾಶದಿಂದ ಇಳಿದನೇ? ಅವನು ಅನುಮತಿ ಕೇಳಬೇಕಿತ್ತು, ಒಪ್ಪಿದೆ. ಬುಸುಗುಡುವ ಸಿಲಿಂಡರನ್ನು ಹಾಗೇ ಬಿಟ್ಟು, ಕೊಟ್ಟೂರಿನ ಅಂಚೆ ಕಚೇರಿಗೆ ನಡೆದು, ಟ್ರಂಕ್ ಕಾಲ್ ಬುಕ್ ಮಾಡಿ, ತಾವು ಊಟ ಮುಗಿಸಿ ಕುರ್ಚಿಗೆ ಬರುವತನಕ ಕಾಯಬೇಕಿತ್ತು. ಅದೇ ಲಾರಿ, ಅದೇ ಡಬ್ಬಿಯೊಂದಿಗೆ, ಈಗಲೂ ಹರಪನಹಳ್ಳಿ, ಹಡಗಲಿಗಳಿಗೆ ಓಡಾಡುತ್ತಿದೆ. ನೋಟೀಸು ಮಾತ್ರ ಮಹಬೂಬನ ಅಂಗಡಿಗೆ ಬಂದಿದೆ.

ಆ ಅಂಗಡಿಯಲ್ಲಿ ಈಗ ಸ್ಪ್ಯಾನರ್ ಹಿಡಿಯುವವಳು ಅವನ ಹೆಂಡತಿ ಶರೀಫಾ ಬೀ. ಅವನು ಸ್ಟೂಲಿನ ಮೇಲೆ ಕೂತು ಯಾವ ನಟ್ಟು, ಎಷ್ಟು ಸುತ್ತು ಎಂದು ಹೇಳುತ್ತಾನೆ, ಆಕೆ ತಿರುಗಿಸುತ್ತಾಳೆ. ಮೊದಲು ನಕ್ಕವರೇ ಈಗ ಗಾಡಿ ತಂದು ನಿಲ್ಲಿಸುತ್ತಾರೆ. ನಾನು ನೋಟೀಸು ಓದಿದಾಗ ಮಹಬೂಬ, "ಮಾಸ್ತರ್ರ, ನಾ ತಪ್ಪು ಮಾಡೀನೇನ್ರಿ?" ಎಂದು ಕೇಳಿದ. ಶರೀಫಾ ಬೀ ತಲೆ ಎತ್ತದೆ ಹೇಳಿದಳು: "ಕೈ ಸುಟ್ಕಳ್ಳಾಕೂ ಪರ್ಮಿಟ್ ಬೇಕಿತ್ತೇನು ಕೇಳ್ರಿ ಅವರ್ನ."

ಕೇಳಿದ್ದೇನೆ. ಇನ್ನು ಬೇಡಿಕೆ. ನೋಟೀಸನ್ನು ಹಿಂತೆಗೆದುಕೊಳ್ಳಿ, ಅಂಚೆಯಲ್ಲಲ್ಲ, ತಾವೇ ಬಂದು, ಅವನ ಅಂಗಡಿಯಲ್ಲಿ ನಿಂತು. ಟೋಪಿಯಿಲ್ಲದ ಒಂದು ಸಿಲಿಂಡರೂ ಲಾರಿ ಹತ್ತದಂತೆ ಮಾಡಿ. ತಪಾಸಣೆಯನ್ನು ಕಚೇರಿಯ ಅಂಗಳದಲ್ಲಿ ಮಾಡುವ ಬದಲು ಕೂಡ್ಲಿಗಿಯ ರಸ್ತೆಯಲ್ಲಿ, ಹೇಳದೆ ಕೇಳದೆ ಮಾಡಿ. ಎಚ್ಚರಿಕೆಯನ್ನು ಉಚ್ಚಂಗೆಪ್ಪನಿಗೆ ಓದಲು ಬರುವ ಅಕ್ಷರದಲ್ಲಿ ಬರೆಸಿ.

ಆದರೂ ಯಾರಿಗಾದರೂ ಒಬ್ಬರಿಗೆ ನೋಟೀಸು ಕಳಿಸಲೇಬೇಕೆಂಬ ಹಂಬಲ ತಮಗಿದ್ದರೆ, ಕಳಿಸಬೇಕಾದ ವಿಳಾಸ ಕೆಳಗಿದೆ. ಈ ಅನಿಲ ಗಾಳಿಗಿಂತ ಭಾರ, ತಗ್ಗಿನತ್ತ ಹರಿಯುತ್ತದೆ, ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ: ಆ ಹೊಲದ ಬಳಿ ಇದು ಗೊತ್ತಿದ್ದವನು ನಾನೊಬ್ಬನೇ. ಬದುವಿನ ಬೂದಿಯನ್ನೂ ನೋಡಿದ್ದೆ. 'ಮಹಬೂಬ, ಆ ಕಡೆ ಬೇಡ' ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಓಡುತ್ತಿದ್ದೆ.

ಇಂತಿ,
ಅಂದು ಎಲ್ಲರಿಗಿಂತ ಮೊದಲು ಧುಮುಕಿ ಎಲ್ಲರಿಗಿಂತ ದೂರ ಹೋಗಿ ನಿಂತ,
ಪಾಲಾಕ್ಷಪ್ಪ
ವಿಜ್ಞಾನ ಶಿಕ್ಷಕ, ಕೊಟ್ಟೂರು