ಏಳನೆಯವನ ಹಲ್ಲು

ಮಾರ್ಚ್ 3

ಬೆಳಿಗ್ಗೆಯಿಂದ ಹಲ್ಲು ಕೊರೆಯುವುದೇ ಕೆಲಸ. ದಿಬ್ಬದ ಉತ್ಖನನದಿಂದ ಏಳು ಅಸ್ಥಿಪಂಜರ ಬಂದಿವೆ. ಎರಡು ಸಾವಿರ ವರ್ಷ ಹಳೆಯವೆಂಬ ಅಂದಾಜು. ಎಳವೆಯಲ್ಲಿ ಕುಡಿದ ನೀರಿನ ಸ್ಟ್ರಾಂಷಿಯಂ ಧಾತು ಹಲ್ಲಿನಲ್ಲಿ ಉಳಿದಿರುತ್ತದೆ; ಅದರ ಅಂಕಿ ನೀರಿನಿಂದ ನೀರಿಗೆ ಬೇರೆ. ಯಾರು ಎಲ್ಲಿ ಬೆಳೆದರೆಂದು ಹೇಳುತ್ತದೆ. ಮನುಷ್ಯ ಮರೆತರೂ ಹಲ್ಲು ಮರೆಯದು... ಕವಿತೆಯಲ್ಲಾಗಿದ್ದರೆ ಅತಿಯಾಯಿತೆಂದು ಹೊಡೆದುಹಾಕುತ್ತಿದ್ದೆ.

ಮಾರ್ಚ್ 9

ಆರು ಮಂದಿ ನದಿನೀರಿನವರು. ಏಳನೆಯವನ ಅಂಕಿ ಎಲ್ಲೋ ಮೇಲೆ. ಮೆಷಿನ್ ಕೈಕೊಟ್ಟಿತೆಂದು ಮತ್ತೆ ಓಡಿಸಿದೆ. ಅದೇ.

ನಮ್ಮ ಲ್ಯಾಬಿನ ಪದ್ಧತಿ — ಯಾರು ಹಲ್ಲು ಕೀಳಿಸಿಕೊಂಡರೂ ಹೋಲಿಕೆಗೆಂದು ಡ್ರಾಯರಿಗೆ ಹಾಕಬೇಕು. ಹತ್ತು ವರ್ಷದ ಹಿಂದೆ ಹಾಕಿದ ನನ್ನ ದವಡೆಹಲ್ಲೊಂದೇ ಅವನದಕ್ಕೆ ಹೊಂದಿತು. ಮುಖ್ಯಸ್ಥರು ನಕ್ಕರು: "ಏನ್ರೀ, ನಿಮ್ಮ ಮುತ್ತಜ್ಜನ್ನೇ ಅಗೆದು ತಂದಿದಾರಲ್ಲ."

ನಾನೂ ನಕ್ಕೆ. ಆದರೆ ದಿಬ್ಬ ನಮ್ಮ ಹಳೆಯ ಮನೆಯಿಂದ ನಾಲ್ಕೇ ಕಿಲೋಮೀಟರು. ಓಣಿಗೆಲ್ಲ ನಲ್ಲಿಯಲ್ಲಿ ನದಿನೀರು. ನಮಗೊಬ್ಬರಿಗೇ ಬಂಡೆ ಕೊರೆದ ಬಾವಿ. ತೋಡಿಸಿದ್ದು ಅಜ್ಜ. ಎರಡು ಸಾವಿರ ವರ್ಷದ ಹಿಂದೆ ಅದೆಲ್ಲಿತ್ತು?

ಮಾರ್ಚ್ 10

ಆ ಬಾವಿನೀರು ಕುಡಿದು ಬೆಳೆದವರು ಅಪ್ಪ, ಚಿಕ್ಕಪ್ಪ, ಅಣ್ಣ, ನಾನು. ಅಪ್ಪ ತೀರಿಕೊಂಡದ್ದು ಆಸ್ಪತ್ರೆಯಲ್ಲಿ, ನನ್ನೆದುರಿಗೆ. ಚಿಕ್ಕಪ್ಪ, ನಾನು ಎಂಟು ವರ್ಷದವಳಿದ್ದಾಗ, ಅಣ್ಣನೊಡನೆ ಮಾತಿಗೆ ಮಾತು ಬೆಳೆದು ಮನೆ ಬಿಟ್ಟು ಹೋದ... ಹಾಗೆಂದು ಹೇಳಿದ್ದೂ ಅಣ್ಣನೇ. ಆಗವನಿಗೆ ಹದಿನೆಂಟು.

ಏಳನೆಯವನ ಮೂಳೆಯನ್ನು ಕಾರ್ಬನ್ ಪರೀಕ್ಷೆಗೆ ಕಳುಹಿಸಿದೆ. ಕಾರಣ ಯಾರಿಗೂ ಹೇಳಲಿಲ್ಲ.

ಏಪ್ರಿಲ್ 6

ಫಲಿತಾಂಶ ಬಂತು. ಸತ್ತು ಹೆಚ್ಚೆಂದರೆ ಐವತ್ತು ವರ್ಷ.

ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ದಿಬ್ಬದಲ್ಲಿ ಸಿಕ್ಕ ಹಲ್ಲೊಂದು ನಮ್ಮ ಬಾವಿನೀರಿನದು ಎಂದಷ್ಟೇ ಹೇಳಿದೆ. ಅವನು ಕೇಳಿದ್ದು —

"ವಾಚೂ ಸಿಕ್ತಾ?"

ಇಲ್ಲ ಎಂದೆ.

"ಹಾಗಾದ್ರೆ ಹಳೇದು ಅಂತ್ಲೇ ಬರ್ದು ಮುಗಿಸು, ಪುಟ್ಟಿ. ಇಲ್ಲದ ಉಸಾಬರಿ ನಿಂಗ್ಯಾಕೆ?"

ಅವನು ಪುಟ್ಟಿ ಎಂದು ಕರೆದು ಎಷ್ಟೋ ವರ್ಷವಾಗಿತ್ತು.

ಏಪ್ರಿಲ್ 8, ಮಧ್ಯಾಹ್ನ 3.20

ಲ್ಯಾಬಿನಲ್ಲಿ ಒಬ್ಬಳೇ. ವರದಿಯಲ್ಲಿ 'ಕಾಲ' ಎಂಬ ಖಾನೆ. ಹಳೆಯದೆಂದು ಬರೆದರೆ ಏಳನೆಯವನು ಗಾಜಿನ ಪೆಟ್ಟಿಗೆ ಸೇರುತ್ತಾನೆ. ಶಾಲೆಯ ಮಕ್ಕಳು ಸಾಲಾಗಿ ನೋಡಿ ಹೋಗುತ್ತಾರೆ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತನ್ನ ವಾಚನ್ನು ಕಿವಿಗೆ ಹಿಡಿಯುತ್ತಿದ್ದವನು.

ನನಗೆ ಎಂಟು ತುಂಬಿದ ಇಸವಿಯನ್ನು ಬರೆದೆ.

ಈಗ ಕೆಳಗಿನಿಂದ ಫೋನ್ — ನಿಮ್ಮಣ್ಣ ಬಂದಿದಾರೆ, ಮೇಲೆ ಕಳಿಸಿದೀನಿ. ನಾನು ಕರೆದಿರಲಿಲ್ಲ. ಮೆಟ್ಟಿಲ ಮೇಲೆ ಅವನ ಹೆಜ್ಜೆ, ನಿಧಾನ. ವರದಿ ಇನ್ನೂ ಕಳುಹಿಸಿಲ್ಲ. ಅದಕ್ಕೇ ಇಲ್ಲಿಯೂ ಬರೆದಿಡುತ್ತೇನೆ. ಏಳನೆಯವನು ನಮ್ಮ ಚಿಕ್ಕಪ್ಪ. ಅವನನ್ನು